ನೀರೋ ದೊರೆಗೆ ಹುಣಸೆಹಣ್ಣಿನ ಅಭ್ಯಂಜನ

ಯುಗಾದಿ ಸಮಾರಂಭದ ಊಟದ ಸಾಲಿನಲ್ಲಿ ಸಂಪಾದಕರು ನನ್ನ ಹಿಂದೆಯೇ ನಿಂತಿದ್ದರು. “ನಿಮ್ಮ ಹಳೇ ನಾಣ್ಯಗಳ ಬಗ್ಗೆ ನಮ್ಮ ಸಂಚಿಕೆಗೆ ಎರಡು ಪುಟ ಬರೆದುಕೊಡಿ” ಎಂದರು. ತಟ್ಟೆಯಲ್ಲಿ ಹೋಳಿಗೆ ಬಿದ್ದಿರುವಾಗ ಇಲ್ಲವೆನ್ನಲು ಯಾರಿಗೆ ಬಾಯಿ ಬರುತ್ತದೆ? ಒಪ್ಪಿಕೊಂಡೆ. ಮನೆಗೆ ಬಂದು ನನ್ನ ಸಂಗ್ರಹದ ಹಿರಿಮೆಯನ್ನು ಬರೆಯೋಣವೆಂದು ಕುಳಿತರೆ, ಮತ್ತೆ ಮತ್ತೆ ಕಣ್ಣೆದುರು ಬಂದದ್ದು ನಾನೇ ಕೈಯಾರೆ ಹಾಳುಮಾಡಿದ ಒಂದು ನಾಣ್ಯ. ಆದ್ದರಿಂದ ಅದರ ಕಥೆಯನ್ನೇ ಹೇಳಿಬಿಡುತ್ತೇನೆ.

ರೋಮನ್ ನಾಣ್ಯಗಳೆಲ್ಲ ರೋಮಿನಲ್ಲೇ ಟಂಕಿಸಿದವಲ್ಲ. ಸಾಮ್ರಾಜ್ಯದ ಪೂರ್ವಭಾಗದಲ್ಲಿ ಸಿರಿಯದ ಆಂಟಿಯೋಕ್, ಕಪಡೋಸಿಯದ ಸಿಸೇರಿಯ, ಈಜಿಪ್ಟಿನ ಅಲೆಕ್ಸಾಂಡ್ರಿಯ ಮೊದಲಾದ ನಗರಗಳಿಗೆ ತಮ್ಮದೇ ಟಂಕಸಾಲೆಗಳಿದ್ದವು. ಒಂದು ಕಡೆ ಚಕ್ರವರ್ತಿಯ ಮುಖ, ಇನ್ನೊಂದು ಕಡೆ ಆ ನಾಡಿನ ದೇವರೋ ಹದ್ದೋ ಬೆಟ್ಟವೋ; ಬರಹ ಹೆಚ್ಚಾಗಿ ಗ್ರೀಕ್. ನನಗೆ ಹುಚ್ಚು ಹಿಡಿದದ್ದು ಅಲೆಕ್ಸಾಂಡ್ರಿಯದ ಟೆಟ್ರಾಡ್ರಾಕ್ಮಗಳದ್ದು. ಸಂಬಳದವನ ಕೈಗೂ ಎಟುಕುವ ಬೆಲೆ ಎಂಬುದು ಒಂದು ಕಾರಣ. ಅದರ ಮೇಲೆ ವರ್ಷ ನಮೂದಾಗಿರುತ್ತದೆ ಎಂಬುದು ಎರಡನೆಯ ಕಾರಣ.

ಲಂಡನ್ನಿನ ಒಂದು ನಾಣ್ಯದ ಸಂತೆಗೆ ಹೋದಾಗ ಮಗಳೂ ಜೊತೆಗಿದ್ದಳು. ನಮ್ಮ ಹಳೆಯ ಒಂದು ರೂಪಾಯಿಯಷ್ಟು ಅಗಲದ, ದಪ್ಪನೆಯ ನೀರೋ ನಾಣ್ಯವೊಂದನ್ನು ಅವಳೇ ಆರಿಸಿದಳು. ಹಿಂಬದಿಯಲ್ಲಿ ಅಲೆಕ್ಸಾಂಡ್ರಿಯ ನಗರವೇ ಹೆಣ್ಣಿನ ರೂಪದಲ್ಲಿ, ತಲೆಗೆ ಆನೆಯ ಮುಖವಾಡ ತೊಟ್ಟು, ಸೊಂಡಿಲು ಮೇಲೆತ್ತಿಕೊಂಡು ಕುಳಿತಿತ್ತು. ಮೈಸೂರಿನವರ ಮಗಳಿಗೆ ಆನೆ ಕಂಡರೆ ಕೇಳಬೇಕೆ? ಪಕ್ಕದಲ್ಲಿದ್ದ ಅಕ್ಷರಗಳನ್ನು ಓದುವುದು ಹೇಗೆಂದು ಹೇಳಿಕೊಟ್ಟೆ. ಇಂಗ್ಲಿಷಿನ ಎಲ್ ಹಾಗೆ ಕಾಣುವ ಗುರುತಿಗೆ ‘ವರ್ಷ’ ಎಂದರ್ಥ. ಐಯೋಟಾ ಎಂದರೆ ಹತ್ತು, ಬೀಟಾ ಎಂದರೆ ಎರಡು. ನೀರೋ ಆಳ್ವಿಕೆಯ 12ನೇ ವರ್ಷ, ಅಂದರೆ ಕ್ರಿ.ಶ. 65-66. “ಅಪ್ಪಾ, ನಂಗೂ ಈಗ ಹನ್ನೆರಡನೇ ವರ್ಷ!” ಎಂದು ಕುಣಿದಳು. ಸಂಘದ ಕನ್ನಡ ತರಗತಿಯಲ್ಲಿ ಆಗತಾನೇ ಕಲಿತಿದ್ದ ದುಂಡು ಅಂಕಿಯಲ್ಲಿ ‘ನೀರೋ, ವರ್ಷ ೧೨’ ಎಂದು ಚೀಟಿ ಬರೆದು ನಾಣ್ಯದ ಜೊತೆಗಿಟ್ಟಳು.

ನಾಣ್ಯದ ಮೇಲೆ ಅಲ್ಲಲ್ಲಿ ಹಸಿರು ಕಿಲುಬು ಕಟ್ಟಿತ್ತು. ದೀಪಾವಳಿಗೆ ಮುಂಚಿನ ಭಾನುವಾರ ನನ್ನಾಕೆ ಹಿತ್ತಾಳೆ ದೀಪಗಳನ್ನು ಹುಣಸೆಹಣ್ಣಿನಲ್ಲಿ ತಿಕ್ಕುತ್ತಿದ್ದಳು. ಫಳಫಳ ಹೊಳೆಯುವ ದೀಪಗಳನ್ನು ಕಂಡು ನನ್ನ ಬುದ್ಧಿಗೆ ಮಂಕು ಕವಿಯಿತು. ನೀರೋ ದೊರೆಗೂ ಅಭ್ಯಂಜನವಾಗಲಿ ಎಂದು ಅದೇ ಹುಳಿಯಲ್ಲಿ ಅರ್ಧ ಗಂಟೆ ನೆನೆಸಿಟ್ಟು, ಹಲ್ಲುಜ್ಜುವ ಬ್ರಷ್ಷಿನಲ್ಲಿ ಚೆನ್ನಾಗಿ ತಿಕ್ಕಿದೆ. ಹಸಿರು ಹೋಯಿತು. ಅದರೊಡನೆ ದೊರೆಯ ಮೂಗು ಹೋಯಿತು, ಬೀಟಾ ಹೋಯಿತು. ಉಳಿದದ್ದು ಸಿಡುಬಿನ ಕಲೆಯಂಥ ಕುಳಿಗಳ ಕೆಂಪು ಬಿಲ್ಲೆ.

ಕಾರಣ ತಿಳಿದದ್ದು ಆಮೇಲೆ. ಹೆಸರಿಗೆ ಬೆಳ್ಳಿಯಾದರೂ ನೀರೋ ಕಾಲದ ಈ ನಾಣ್ಯದಲ್ಲಿ ಬೆಳ್ಳಿ ಇರುವುದು ಸುಮಾರು ಆರರಲ್ಲೊಂದು ಪಾಲು. ಮಿಕ್ಕದ್ದು ಹೆಚ್ಚಾಗಿ ತಾಮ್ರ. ಮಣ್ಣಿನೊಳಗೆ ಮೊದಲು ಸವೆಯುವುದು ತಾಮ್ರ. ಅದು ಕರಗಿ, ಹೊರಗೆ ಬಂದು, ಹಸಿರಾಗಿಯೂ ಕೆಂಪಾಗಿಯೂ ಗಟ್ಟಿಯಾಗುತ್ತದೆ. ಎಷ್ಟೋ ಸಲ ನಾಣ್ಯದ ಮೂಲ ಮೈಯ ಗೆರೆಗಳು ಉಳಿದಿರುವುದು ಆ ಕಿಲುಬಿನ ಪದರದಲ್ಲೇ. ಕೆಳಗಿನ ಲೋಹ ಆಗಲೇ ಟೊಳ್ಳಾಗಿರುತ್ತದೆ. ನಾನು ಕೊಳೆ ಎಂದು ತಿಕ್ಕಿ ತೆಗೆದದ್ದು ದೊರೆಯ ಮುಖವನ್ನೇ.

ಹಾಗೆಂದು ಎಲ್ಲ ಕಿಲುಬನ್ನೂ ಬಿಟ್ಟುಬಿಡುವಂತಿಲ್ಲ. ತೆಳು ಹಸಿರಿನ ಪುಡಿ ಉದುರುತ್ತಿದ್ದರೆ ಅದು ರೋಗ. ಒಳಗಿರುವ ಕ್ಲೋರೈಡು ಗಾಳಿಯ ತೇವದೊಡನೆ ಸೇರಿ ತಾಮ್ರವನ್ನು ತಿನ್ನುತ್ತಲೇ ಹೋಗುತ್ತದೆ. ಅಂಥದ್ದನ್ನು ಬೇರೆಯಾಗಿಟ್ಟು, ಬಟ್ಟಿ ಇಳಿಸಿದ ನೀರಿನಲ್ಲಿ ನೆನೆಸಿ, ನೀರನ್ನು ಮತ್ತೆ ಮತ್ತೆ ಬದಲಾಯಿಸುತ್ತಾ ವಾರಗಟ್ಟಲೆ ಕಾಯಬೇಕು. ಆಮೇಲೆ ಪೂರ್ತಿ ಒಣಗಿಸಿ, ಸಿಲಿಕಾ ಜೆಲ್ ಪೊಟ್ಟಣದೊಡನೆ ಮುಚ್ಚಿಡಬೇಕು. ಹೊಸ ಪಾದರಕ್ಷೆಯ ಡಬ್ಬಿಯಲ್ಲಿ ಸಿಗುತ್ತದಲ್ಲ, ಅದೇ ಜಾತಿಯದು. ನೇರಳೆ-ಬೂದು ಬಣ್ಣದ, ಮೇಣದಂಥ ಪದರವಿದ್ದರೆ ಅದು ಬೆಳ್ಳಿಯ ಕ್ಲೋರೈಡು. ಹಳೆಯ ಫೋಟೋಗ್ರಾಫರರ ಹೈಪೋ ಅದನ್ನು ಕರಗಿಸುತ್ತದೆ, ಆದರೆ ಅಲ್ಲೂ ನನ್ನ ನೀರೋಗೆ ಬಂದ ಗತಿಯೇ ಬರಬಹುದು. ನಾನೀಗ ಮುಟ್ಟುವುದಿಲ್ಲ. ಮೆತ್ತನೆಯ ಪಿವಿಸಿ ಚೀಲಗಳಲ್ಲಂತೂ ನಾಣ್ಯವನ್ನು ಇಡಲೇಬೇಡಿ; ಆ ಪ್ಲಾಸ್ಟಿಕ್ಕೇ ಹೊಸ ಕಿಲುಬು ತರುತ್ತದೆ.

ಇನ್ನು “ಇಂಥ ನಾಣ್ಯ ನಮ್ಮೂರಲ್ಲೂ ಸಿಕ್ಕಿತ್ತಂತಲ್ಲ?” ಎಂದು ಕೇಳುವ ಮಿತ್ರರಿಗೊಂದು ಮಾತು. ಬೆಂಗಳೂರಿನ ಯಶವಂತಪುರದಲ್ಲಿ 1891ರಲ್ಲಿ 163 ರೋಮನ್ ಬೆಳ್ಳಿ ನಾಣ್ಯಗಳು ಸಿಕ್ಕವು, ಚಿತ್ರದುರ್ಗದ ಚಂದ್ರವಳ್ಳಿಯಲ್ಲೂ ಸಿಕ್ಕಿವೆ. ಆದರೆ ಅವು ಡೆನಾರಿಯಸ್ಸುಗಳು, ಅಪ್ಪಟಕ್ಕೆ ಹತ್ತಿರವಾದ ಬೆಳ್ಳಿ. ನಮ್ಮ ಮೆಣಸು ಕೊಳ್ಳಲು ಹಡಗುಗಳು ಹೊರಡುತ್ತಿದ್ದದ್ದು ಈಜಿಪ್ಟಿನ ಬಂದರುಗಳಿಂದಲೇ ಆದರೂ, ಅಲೆಕ್ಸಾಂಡ್ರಿಯದ ಈ ಬೆರಕೆ ನಾಣ್ಯ ಈಜಿಪ್ಟಿನ ಒಳಗೆ ಮಾತ್ರ ಚಲಾವಣೆಯಾಗುತ್ತಿತ್ತು. ನಮ್ಮ ವರ್ತಕರು ಅದನ್ನು ಮೂಸಿಯೂ ನೋಡುತ್ತಿರಲಿಲ್ಲವೇನೋ!

ಆ ಭಾನುವಾರ ಸಂಜೆ ಮಗಳು ನಾಣ್ಯವನ್ನು ಅಂಗೈಯಲ್ಲಿಟ್ಟುಕೊಂಡು ತಿರುಗಿಸಿ ನೋಡಿದಳು. “ವರ್ಷ ಎಲ್ಲಿ ಹೋಯ್ತಪ್ಪಾ?” ಎಂದು ಕೇಳಿದಳು. ನನಗೆ ಉತ್ತರ ಹೊಳೆಯಲಿಲ್ಲ. ಅವಳು ಅಳಲೂ ಇಲ್ಲ, ಜಗಳವಾಡಲೂ ಇಲ್ಲ. ಆದರೆ ಎಷ್ಟೋ ತಿಂಗಳು ನನ್ನ ನಾಣ್ಯದ ಮೇಜಿನ ಹತ್ತಿರ ಸುಳಿಯಲಿಲ್ಲ. ನಾನು ಅಂಥದ್ದೇ ಇನ್ನೊಂದು ನಾಣ್ಯ ತಂದುಕೊಟ್ಟೆ. ಅದೇ ನೀರೋ, ಅದೇ ಆನೆ, ಅದೇ 12. ಬಹಳ ಮರ್ಯಾದೆಯಿಂದ “ಚೆನ್ನಾಗಿದೆ” ಎಂದಳು, ಅಷ್ಟೆ.

ಅವಳೀಗ ಬೇರೆ ಊರಿನಲ್ಲಿ ಓದುತ್ತಿದ್ದಾಳೆ. ಹೊಸ ನಾಣ್ಯ ಕೊಂಡೆನೆಂದು ಫೋನಿನಲ್ಲಿ ಹೇಳಿದರೆ ಮೊದಲು ಕೇಳುವ ಪ್ರಶ್ನೆ, “ಅಡಿಗೆಮನೆಗೆ ತಗೊಂಡು ಹೋಗಿಲ್ಲ ತಾನೆ?” ಹಾಳಾದ ನೀರೋನನ್ನು ನಾನು ಎಸೆದಿಲ್ಲ. ತಟ್ಟೆಯಲ್ಲಿ ಮೊದಲ ಜಾಗ ಅವನದೇ. ಅವನ ಮೈಮೇಲೆ ಈಗ ವರ್ಷವಿಲ್ಲ. ಅದು ಉಳಿದಿರುವುದು ಪಕ್ಕದ ಚೀಟಿಯಲ್ಲಿ, ಮಗಳ ದುಂಡು ಅಕ್ಷರದಲ್ಲಿ ಮಾತ್ರ.

ನಿಮ್ಮ ಮನೆಯಲ್ಲೂ ಅಜ್ಜನ ಪೆಟ್ಟಿಗೆಯ ಹಳೆಯ ಕಾಸುಗಳಿದ್ದರೆ ಮುಂದಿನ ಕೂಟಕ್ಕೆ ತನ್ನಿ, ಕೂತು ನೋಡೋಣ. ಹುಣಸೆಹಣ್ಣನ್ನು ಮಾತ್ರ ಸಾರಿಗೆ ಇಟ್ಟುಕೊಳ್ಳಿ.