ಪಿಂಗ್ ಮಾಡ್ತೀನಿ, ಇರು

"ನೋಟ್ಸ್ ಬೇಕಿದ್ರೆ ಪಿಂಗ್ ಮಾಡೋ." "ಸೀನಿಯರ್‌ಗೆ ಒಂದ್ಸಲ ಪಿಂಗ್ ಮಾಡಿ ನೋಡು." ನಮ್ಮ ಕ್ಯಾಂಪಸ್ಸಿನಲ್ಲಿ ದಿನಕ್ಕೆ ಎಷ್ಟು ಸಲ ಈ ಪದ ಕಿವಿಗೆ ಬೀಳುತ್ತೋ ಲೆಕ್ಕವಿಲ್ಲ. ವಾಟ್ಸಾಪಿನಲ್ಲಿ ಎರಡಕ್ಷರ ಕಳಿಸಿದರೂ ಪಿಂಗ್, ಮೇಲ್ ಹಾಕಿದರೂ ಪಿಂಗ್. ನೆಟ್‌ವರ್ಕ್ಸ್ ಲ್ಯಾಬಿನಲ್ಲಿ ಅದೇ ಹೆಸರಿನ ಕಮಾಂಡ್ ಟೈಪ್ ಮಾಡುವಾಗ, ಈ ಪದ ಎಲ್ಲಿಂದ ಬಂತು ಅಂತ ಹುಡುಕುವ ಹುಚ್ಚು ಹತ್ತಿತು.

ಹೈಸ್ಕೂಲಿನ ಕನ್ನಡ ವ್ಯಾಕರಣದಲ್ಲಿ 'ಅನುಕರಣಾವ್ಯಯ' ಅಂತ ಓದಿದ್ದು ನೆನಪಿದೆಯಾ? ಧಗಧಗ, ಪಟಪಟ, ಚಟಚಟ. ಪಿಂಗ್ ಕೂಡ ಇಂಗ್ಲಿಷಿನಲ್ಲಿ ಅದೇ ಜಾತಿಯದು, ಸದ್ದನ್ನೇ ಪದ ಮಾಡಿಕೊಂಡದ್ದು. 19ನೇ ಶತಮಾನದಲ್ಲಿ ಬಂದೂಕಿನ ಗುಂಡು ಹಾರುವ ಸದ್ದಿಗೆ ಹೀಗನ್ನುತ್ತಿದ್ದರು. 1900ರ ಹೊತ್ತಿಗೆ ಇಂಗ್ಲೆಂಡಿನಲ್ಲಿ ಟೇಬಲ್ ಟೆನಿಸ್ಸಿಗೆ 'ಪಿಂಗ್ ಪಾಂಗ್' ಅನ್ನೋ ಹೆಸರು ಬಂತು, ಅದೂ ಚೆಂಡಿನ ಸದ್ದಿನಿಂದಲೇ. ಮೆಕ್ಯಾನಿಕಲ್‌ನವರಿಗೆ ಇನ್ನೊಂದು ಅರ್ಥ ಗೊತ್ತಿರುತ್ತೆ: ಪೆಟ್ರೋಲ್ ಎಂಜಿನ್ನಿನಲ್ಲಿ ನಾಕಿಂಗ್ ಆದಾಗ ಬರುವ ಲೋಹದ ಸದ್ದಿಗೂ ಪಿಂಗ್ ಅಂತಾರೆ. ನಮ್ಮ ಧಗಧಗ 'ಧಗಧಗಿಸು' ಆದ ಹಾಗೆ, ಈ ಸದ್ದೂ ಕ್ರಿಯಾಪದವಾಯಿತು.

ನಮ್ಮ ಕಮಾಂಡಿಗೆ ಹೆಸರು ಕೊಟ್ಟಿದ್ದು ಮಾತ್ರ ಸೋನಾರ್. ನೀರೊಳಗೆ ಒಂದು ಸದ್ದು ಬಿಡೋದು, ಆಮೇಲೆ ಸುಮ್ಮನೆ ಕಿವಿಗೊಟ್ಟು ಕೂರೋದು. ಎದುರಿಗೆ ಏನಾದರೂ ಇದ್ದರೆ ಪ್ರತಿಧ್ವನಿ ವಾಪಸ್ ಬರುತ್ತೆ. ಸಮುದ್ರದ ನೀರಿನಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 1500 ಮೀಟರ್. ಎರಡು ಸೆಕೆಂಡಿಗೆ ಪ್ರತಿಧ್ವನಿ ಬಂದರೆ, ಹೋಗಿ ಬರುವ ದಾರಿ ಸೇರಿ 3000 ಮೀಟರ್. ಅಂದರೆ ಆ ವಸ್ತು 1500 ಮೀಟರ್ ದೂರದಲ್ಲಿದೆ.

1983ರ ಡಿಸೆಂಬರಿನಲ್ಲಿ, ಅಮೆರಿಕದ ಸೇನೆಯ ಬ್ಯಾಲಿಸ್ಟಿಕ್ ರಿಸರ್ಚ್ ಲ್ಯಾಬೊರೇಟರಿಯಲ್ಲಿದ್ದ ಮೈಕ್ ಮೂಸ್, ನೆಟ್‌ವರ್ಕಿನ ತೊಂದರೆ ಹುಡುಕೋಕೆ ಒಂದು ಪುಟ್ಟ ಪ್ರೋಗ್ರಾಂ ಬರೆದು ಅದಕ್ಕೆ ಈ ಹೆಸರಿಟ್ಟ. ಐಸಿಎಂಪಿ ಎಕೋ ರಿಕ್ವೆಸ್ಟ್ ಹೋಗುತ್ತೆ, ಎಕೋ ರಿಪ್ಲೈ ಬರುತ್ತೆ. 'ಪ್ಯಾಕೆಟ್ ಇಂಟರ್ನೆಟ್ ಗ್ರೋಪರ್' ಅನ್ನೋದು ಆಮೇಲೆ ಬೇರೆಯವರು ಜೋಡಿಸಿದ್ದು. ವೈವಾದಲ್ಲಿ ಫುಲ್ ಫಾರ್ಮ್ ಕೇಳಿದರೆ ಇದನ್ನೂ ಸೇರಿಸಿ ಹೇಳಿ. ಮೂಸ್ ತನ್ನ ಪುಟದಲ್ಲಿ ಒಂದು ಮಜಾ ಕಥೆ ಹಂಚಿಕೊಂಡಿದ್ದ. ಕೇಬಲ್ ಸಮಸ್ಯೆಯಿಂದ ಬೇಸತ್ತ ಒಬ್ಬರು, ಪ್ರತಿ ರಿಪ್ಲೈ ಬಂದಾಗಲೂ ಕಂಪ್ಯೂಟರ್ 'ಪಿಂಗ್' ಅಂತ ಜೋರಾಗಿ ಕೂಗುವ ಹಾಗೆ ಮಾಡಿ, ಕಟ್ಟಡದ ತುಂಬ ಕನೆಕ್ಟರ್‌ಗಳನ್ನು ಅಲುಗಾಡಿಸುತ್ತಾ ಹೋದರಂತೆ. ಸದ್ದು ಎಲ್ಲಿ ನಿಂತಿತೋ ಅಲ್ಲೇ ಲೂಸ್ ಕನೆಕ್ಷನ್!

ನನಗೆ ಇಲ್ಲಿ ಹಿಡಿಸಿದ್ದು ಒಂದೇ ವಿಷಯ. ಪಿಂಗ್ ಅಂದರೆ ಸದ್ದು ಬಿಡೋದಷ್ಟೇ ಅಲ್ಲ, ಉತ್ತರಕ್ಕೆ ಕಾಯೋದೂ ಸೇರಿ ಪಿಂಗ್. ನಮ್ಮ ಬಾಯಲ್ಲಿ ಮೊದಲರ್ಧ ಮಾತ್ರ ಉಳಿದುಕೊಂಡಿದೆ.

ಕಳೆದ ವರ್ಷ ನಮ್ಮ ಬ್ಯಾಚಿನ ಗೆಳೆಯನೊಬ್ಬ ಎರಡು ವಾರ ಕ್ಲಾಸಿಗೆ ಬರಲಿಲ್ಲ. ಗ್ರೂಪಿನಲ್ಲಿ "ಎಲ್ಲಿದೀಯೋ", "ಬದುಕಿದೀಯಾ" ಅಂತ ಸಾಲುಸಾಲು ಪಿಂಗ್. ಉತ್ತರ ಸೊನ್ನೆ. "ಬಿಡ್ರೋ, ಅವನಿಗೆ ಕೊಬ್ಬು" ಅಂದ ಒಬ್ಬ. ಆದರೆ 'ರಿಕ್ವೆಸ್ಟ್ ಟೈಮ್ಡ್ ಔಟ್' ಅಂತ ಬಂದರೆ ಏನರ್ಥ? ಮೆಷಿನ್ ಆಫ್ ಆಗಿರಬಹುದು, ಮಧ್ಯೆ ದಾರಿ ಕಡಿದಿರಬಹುದು, ಇಲ್ಲಾ ಮೆಷಿನ್ ಚೆನ್ನಾಗೇ ಇದ್ದು ಫೈರ್‌ವಾಲ್ ಪಿಂಗನ್ನು ತಡೆದಿರಬಹುದು. ಕೂತ ಜಾಗದಿಂದ ಮೂರೂ ಒಂದೇ ಥರ ಕಾಣುತ್ತೆ. ಲ್ಯಾಬಿನಲ್ಲಿ ಹಾಗಾದರೆ ಎದ್ದು ಹೋಗಿ ಕೇಬಲ್ ನೋಡ್ತೀವಿ ತಾನೆ?

ನಾನೂ ನನ್ನ ರೂಮ್‌ಮೇಟೂ ಅವನ ಪಿಜಿಗೆ ಹೋಗಿ ಬಾಗಿಲು ಬಡಿದೆವು. ಒಳಗೇ ಇದ್ದ. ಎರಡು ಸಬ್ಜೆಕ್ಟ್ ಬ್ಯಾಕ್, ಮನೆಯಲ್ಲಿ ಹೇಳಿರಲಿಲ್ಲ. "ಎಲ್ರೂ ಪಿಂಗ್ ಮಾಡಿದ್ರು ಕಣೋ, ಏನಂತ ರಿಪ್ಲೈ ಮಾಡ್ಲಿ?" ಅಂದ. ನಮಗೂ ಹೇಳೋಕೆ ಏನೂ ತೋಚಲಿಲ್ಲ. ಮೂವರೂ ಕೆಳಗಿಳಿದು ಹೋಗಿ ಟೀ ಕುಡಿದೆವು. ಬ್ಯಾಕ್ ವಿಷಯ ಎರಡನೇ ಟೀಗೆ ತಾನಾಗೇ ಬಂತು. ಮನೆಗೆ ಫೋನ್ ಮಾಡುವಾಗ ಪಕ್ಕದಲ್ಲಿ ಕೂತಿರಿ ಅಂದ, ಕೂತೆವು.

ಅಂದಹಾಗೆ, ಪಿಂಗ್ ಅನ್ನೋ ಪದ ಕೇಳದ ನಮ್ಮಮ್ಮ ಅದನ್ನು ಸರಿಯಾಗೇ ಬಳಸ್ತಾರೆ. ರಾತ್ರಿ ಒಂಬತ್ತಕ್ಕೆ ಒಂದು ಮಿಸ್ಡ್ ಕಾಲ್. ನಾನೂ ಒಂದು ವಾಪಸ್ ಕೊಡಬೇಕು. ಮಾತಿಲ್ಲ, ಕಥೆಯಿಲ್ಲ, 'ಇದೀಯಾ?', 'ಇದೀನಿ' ಅಷ್ಟೇ. ಹತ್ತು ನಿಮಿಷದಲ್ಲಿ ಎಕೋ ಬರದಿದ್ದರೆ ನನ್ನ ರೂಮ್‌ಮೇಟಿನ ಫೋನ್ ರಿಂಗ್ ಆಗುತ್ತೆ.