ಕಡಲಿಲ್ಲದ ಊರಿನಲ್ಲಿ ಕಡಲಯಾನ

ಚಳಿಗಾಲ ಬಂತೆಂದರೆ ನವಮಂಗಳೂರು ಬಂದರಿಗೆ ವಿದೇಶದ ಪ್ರವಾಸಿ ಹಡಗುಗಳು ಬಂದು ನಿಲ್ಲುತ್ತವೆ. ಇಳಿದವರಿಗೆ ಸಿಗುವುದು ಒಂದು ಹಗಲು, ಕೆಲವೊಮ್ಮೆ ಅದೂ ಪೂರ್ತಿ ಇಲ್ಲ. ಅಷ್ಟರಲ್ಲೇ ಮೂಡುಬಿದಿರೆಯ ಸಾವಿರ ಕಂಬದ ಬಸದಿ, ಕದ್ರಿ, ಗೋಕರ್ಣನಾಥ, ಗೋಡಂಬಿ ಕಾರ್ಖಾನೆ ಎಲ್ಲ ಮುಗಿಯಬೇಕು. ಅವರಲ್ಲಿ ತೃಪ್ತಿಯಿಂದ ಹಡಗಿಗೆ ಮರಳುವವರು ಯಾರೆಂದು ಕೇಳಿದರೆ, ಎಲ್ಲವನ್ನೂ ನೋಡಿದವರಲ್ಲ. ಬರುವ ಮೊದಲೇ ಒಂದು ಜಾಗದ ಬಗ್ಗೆ ಓದಿಕೊಂಡು, ಆ ಒಂದನ್ನೇ ನಿಂತು ನೋಡಿದವರು. ಕಡಲಯಾನಕ್ಕೆ ಹೊರಡುವವರಿಗೆ ನಾನು ಹೇಳುವ ಮೊದಲ ಮಾತು ಇದೇ. ಎರಡನೆಯ ಮಾತು ಕೆಲವರಿಗೆ ವಿಚಿತ್ರವಾಗಿ ಕೇಳಿಸುತ್ತದೆ: ಕಡಲು ನೋಡಬೇಕಾದರೆ ಒಮ್ಮೆ ಬಂಗಾರಪೇಟೆಯ ರೈಲು ಹತ್ತಿ.

ಬಂಗಾರಪೇಟೆ ಸಮುದ್ರಮಟ್ಟದಿಂದ 800 ಮೀಟರಿಗೂ ಎತ್ತರದಲ್ಲಿದೆ. ಬಂಗಾಳಕೊಲ್ಲಿ ಇಲ್ಲಿಂದ ಇನ್ನೂರು ಕಿಲೋಮೀಟರಿಗೂ ಆಚೆ. ಕೆರೆ ತುಂಬಿದರೇ ಹಬ್ಬ ಮಾಡುವ ಜಿಲ್ಲೆ ಕೋಲಾರ. ಆದರೂ ಈ ಊರಿಂದ ಮಾರಿಕುಪ್ಪಂ ಕಡೆಗೆ ಹೊರಡುವ ಹದಿನಾರು ಕಿಲೋಮೀಟರಿನ ರೈಲು ಹಾದಿ ನಮ್ಮನ್ನು ಕರೆದೊಯ್ಯುವುದು ಸುಮಾರು 270 ಕೋಟಿ ವರ್ಷ ಹಳೆಯದಾದ ಒಂದು ಕಡಲತಳಕ್ಕೆ. ಕಾಲಡಿಯ ಕಪ್ಪು ಬಂಡೆ ಹುಟ್ಟಿದ್ದು ನೀರಿನೊಳಗೆ. ಇದನ್ನು ಮೊದಲ ಸಲ ತಿಳಿದಾಗ ನನ್ನೊಳಗೆ ಎದ್ದ ಬೆರಗು ಇವತ್ತಿಗೂ ಇಳಿದಿಲ್ಲ.

ಹೊರಡುವ ಹೊತ್ತು ಮುಖ್ಯ. ಕೆಜಿಎಫ್‌ನಿಂದ, ಅಂದರೆ ಕೋಲಾರದ ಚಿನ್ನದ ಗಣಿಗಳ ಸೀಮೆಯಿಂದ, ಸಾವಿರಾರು ಜನ ದಿನವೂ ಬೆಂಗಳೂರಿಗೆ ಕೆಲಸಕ್ಕೆ ಹೋಗಿ ಬರುತ್ತಾರೆ. ಬೆಳಗಿನ ಗಾಡಿಗಳು ಆ ಕಡೆಯಿಂದ ಕಿಕ್ಕಿರಿದು ಬರುತ್ತವೆ, ಸಂಜೆಯವು ಈ ಕಡೆಯಿಂದ ಕಿಕ್ಕಿರಿದು ಹೋಗುತ್ತವೆ. ಅವರಿಗೆ ಎದುರಾಗಿ ಪ್ರಯಾಣ ಮಾಡಿದರೆ ಕಿಟಕಿ ನಿಮ್ಮದು. ಮಳೆ ನಿಂತ ಮೇಲಿನ ತಿಂಗಳುಗಳೇ ಒಳ್ಳೆಯವು. ಆಗ ಬಂಡೆ ತೊಳೆದಂತಿರುತ್ತದೆ, ಗಾಳಿಯಲ್ಲಿ ದೂಳು ಕಡಿಮೆ. ಗಟ್ಟಿ ಅಟ್ಟೆಯ ಬೂಟು, ಟೋಪಿ, ಒಂದು ಸಣ್ಣ ಭೂತಗನ್ನಡಿ, ಇಬ್ಬರಿಗಾಗುವಷ್ಟು ನೀರು ಜೊತೆಗಿರಲಿ. ನೀರು ಕುಡಿಯುವುದಕ್ಕೆ ಮಾತ್ರವಲ್ಲ. ಇನ್ನೊಂದು ಉಪಯೋಗವನ್ನು ಮುಂದೆ ಹೇಳುತ್ತೇನೆ.

ಬೆಂಗಳೂರಿನಿಂದ ಹೊರಡುವವರು ಹಿಂದಿನ ದಿನ ಲಾಲ್‌ಬಾಗಿನ ಬಂಡೆಯ ಮೇಲೆ ಅರ್ಧ ಗಂಟೆ ಕುಳಿತು ಬಂದರೆ ಇನ್ನೂ ಚೆಂದ. ಅದು ಖಂಡದ ಕಲ್ಲು, ಬಿಳಿ ಬೂದು ಪಟ್ಟೆಗಳ ನೈಸ್. ಕೆಜಿಎಫ್‌ನದು ಕಡಲಿನ ಕಲ್ಲು, ಕಪ್ಪು, ತೂಕದ್ದು. ಎರಡನ್ನೂ ಕೈಯಿಂದ ಮುಟ್ಟಿದವರಿಗೆ ದಡ ಯಾವುದು, ನೀರು ಯಾವುದು ಎಂದು ಯಾರೂ ಹೇಳಿಕೊಡಬೇಕಾಗಿಲ್ಲ.

ಬಂಗಾರಪೇಟೆ ಮೊದಲು ಬೌರಿಂಗ್‌ಪೇಟೆ, ಮೈಸೂರಿನ ಕಮಿಷನರ್ ಆಗಿದ್ದ ಲೆವಿನ್ ಬೌರಿಂಗ್ ಹೆಸರಿನದು. ಗಣಿಗಳಿಗೆಂದೇ ಹಾಕಿದ ಈ ಕವಲು ಹಾದಿ 1894ರಲ್ಲಿ ತೆರೆಯಿತು. ಗಾಡಿ ಆತುರಪಡುವುದಿಲ್ಲ. ಬೆಮೆಲ್ ನಗರ ದಾಟಿದ ಮೇಲೆ ಬರುವ ನಿಲ್ದಾಣದ ಹೆಸರು ಕೋರಮಂಡಲ್. ನೀರಿನ ಸುಳಿವೇ ಇಲ್ಲದ ಈ ಬಯಲಿನಲ್ಲಿ ಬಂಗಾಳಕೊಲ್ಲಿಯ ಕರಾವಳಿಯ ಹೆಸರು ಹೊತ್ತ ಹಲಗೆ! ಅದೇ ಹೆಸರಿನ ಗಣಿಯೊಂದು ಇಲ್ಲಿತ್ತು. ಆಮೇಲೆ ಊರಿಗಾಂ, ಚಾಂಪಿಯನ್, ಕೊನೆಗೆ ಮಾರಿಕುಪ್ಪಂ. ಬಂದರಿನಿಂದ ಬಂದರಿಗೆ ಹೋಗುವವರಂತೆ ಎಲ್ಲ ಕಡೆಯೂ ಇಳಿಯಬೇಕೆಂದು ಹಟ ಹಿಡಿಯಬೇಡಿ. ಮಾರಿಕುಪ್ಪಂವರೆಗೆ ಸುಮ್ಮನೆ ಕುಳಿತು ಹೋಗಿ. ಗಣಿಬಾವಿಗಳ ಮೇಲಿನ ಕಬ್ಬಿಣದ ಗೋಪುರಗಳು, ಬೂದು ಬಣ್ಣದ ಸೈನೈಡ್ ದಿಬ್ಬಗಳು, ಗಣಿ ಕಾರ್ಮಿಕರ ಸಾಲು ಸಾಲು ಲೈನ್ ಮನೆಗಳು ಕಿಟಕಿಯಲ್ಲೇ ಪರಿಚಯವಾಗುತ್ತವೆ.

ಈಗ ಬಂಡೆಯ ಹತ್ತಿರ ಹೋಗೋಣ. ಕೆಜಿಎಫ್ ಸೀಮೆಯ ಪೆದ್ದಪಲ್ಲಿಯ ಬಂಡೆಗಳನ್ನು ಭಾರತೀಯ ಭೂವೈಜ್ಞಾನಿಕ ಸಮೀಕ್ಷೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕಗಳ ಪಟ್ಟಿಗೆ ಸೇರಿಸಿದೆ. ಜ್ವಾಲಾಮುಖಿ ಚೂರುಚೂರಾಗಿ ಉಗುಳಿದ ಕಲ್ಲುಗಳೂ, ದಿಂಬು ಲಾವಾ ಎಂದು ಭೂವಿಜ್ಞಾನಿಗಳು ಕರೆಯುವ ಕಲ್ಲೂ ಅಲ್ಲಿವೆ. ಸಾವಿರ ಡಿಗ್ರಿ ಮೀರಿದ ಲಾವಾ ನೀರಿನಡಿಯಲ್ಲಿ ಉಕ್ಕಿದಾಗ ಅದರ ಹೊರಮೈ ತಟ್ಟನೆ ತಣಿದು ಗಾಜಿನಂಥ ಸಿಪ್ಪೆಯಾಗುತ್ತದೆ. ಒಳಗಿನದು ಇನ್ನೂ ಕೆಂಪು, ಇನ್ನೂ ದ್ರವ. ಅದು ಒತ್ತಿ ಒತ್ತಿ ಸಿಪ್ಪೆಯನ್ನು ಬಿರಿದು ಹೊರಗೆ ಬರುತ್ತದೆ, ಮತ್ತೊಂದು ಉಬ್ಬಾಗುತ್ತದೆ, ಅದೂ ತಣಿಯುತ್ತದೆ. ಹೀಗೆ ಒಂದರ ಮೇಲೊಂದು ಕುಳಿತ ಉಬ್ಬುಗಳ ರಾಶಿಯೇ ದಿಂಬು ಲಾವಾ. ಬೇರೆ ಯಾವ ಸಾಕ್ಷಿಯೂ ಬೇಡ, ಇಂಥ ಬಂಡೆ ಇದ್ದಲ್ಲಿ ಲಾವಾ ನೀರನ್ನು ಸಂಧಿಸಿತ್ತು.

ಜೊತೆಗೆ ತಂದ ಆ ನೀರು ಬೇಕಾಗುವುದು ಇಲ್ಲಿ. ನಡುಹಗಲ ಬಿಸಿಲಿನಲ್ಲಿ ನೋಡಿದರೆ ಬರೀ ಕಪ್ಪು ಕಲ್ಲು ಕಾಣುತ್ತದೆ. ಬೆಳಗ್ಗೆ ಇಲ್ಲವೇ ಇಳಿಹೊತ್ತಿನಲ್ಲಿ, ಬೆಳಕು ಓರೆಯಾಗಿ ಬೀಳುವಾಗ ಹೋಗಿ, ಬಂಡೆಯ ಮೇಲೆ ಒಂದಿಷ್ಟು ನೀರು ಚೆಲ್ಲಿ. ಒದ್ದೆಯಾದ ಮೈಯಲ್ಲಿ ಬಣ್ಣಗಳು ಬೇರೆಯಾಗುತ್ತವೆ: ಒಳಭಾಗ ಒಂದು ಛಾಯೆ, ಅಂಚಿನ ಸಿಪ್ಪೆ ಇನ್ನೊಂದು ಛಾಯೆ. ಆ ಅಂಚನ್ನು ಬೆರಳಿನಲ್ಲಿ ಹಿಂಬಾಲಿಸಿ. ಕೆಡದ ದಿಂಬುಗಳಲ್ಲಿ ಮೇಲ್ಭಾಗ ದುಂಡಗಿದ್ದು, ಕೆಳಭಾಗ ಅಡಿಯ ಎರಡು ದಿಂಬುಗಳ ನಡುವೆ ಚೂಪಾಗಿ ಇಳಿದಿರುತ್ತದೆ. ಅದರಿಂದಲೇ ಅಂದಿನ ಕಡಲಿನ ಮೇಲ್ಮೈ ಯಾವ ಕಡೆಗಿತ್ತೆಂದು ಓದಬಹುದು. ಕೋಲಾರದ ಈ ಶಿಲಾಪಟ್ಟಿ ಭೂಮಿಯ ಹಿಂಡಾಟಕ್ಕೆ ಸಿಕ್ಕಿ ಮಡಚಿ ನೆಟ್ಟಗೆ ನಿಂತಿರುವುದರಿಂದ ಇಲ್ಲಿನ ಉಬ್ಬುಗಳು ಚಪ್ಪಟೆಯಾಗಿವೆ, ಎಳೆದಂತಿವೆ. ತಾಳ್ಮೆಯಿಂದ ಹುಡುಕಬೇಕು. ಸುತ್ತಿಗೆ ಮಾತ್ರ ಯಾರೂ ತರಬಾರದು. ಒಂದು ಚೂರನ್ನು ಒಡೆದು ಮನೆಗೆ ಒಯ್ದವರು ಒಯ್ಯುವುದು ಮುಂದೆ ಬರುವವರ ಕಡಲನ್ನು.

ಆ ಕಡಲು ಹೇಗಿತ್ತೆಂದು ಬಂಡೆಯ ಮೇಲೆ ಕುಳಿತು ಯೋಚಿಸಿದರೆ ತಲೆ ತಿರುಗುತ್ತದೆ. ಮೀನಿಲ್ಲ, ಪಾಚಿಗಿಡವಿಲ್ಲ, ದಡದಲ್ಲಿ ಒಂದು ಹುಲ್ಲೆಸಳೂ ಇಲ್ಲ. ಬದುಕಿದ್ದರೆ ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಮಾತ್ರ. ಗಾಳಿಯಲ್ಲಿ ನಾವು ಉಸಿರಾಡುವಂಥ ಆಮ್ಲಜನಕ ಇರಲಿಲ್ಲ. ಚಂದ್ರ ಇಂದಿಗಿಂತ ಹತ್ತಿರದಲ್ಲಿದ್ದ, ದಿನ ಇಂದಿಗಿಂತ ಚಿಕ್ಕದಿತ್ತು. ಆಮೇಲೆ ಆ ಕಡಲತಳ ಎರಡು ಬದಿಯ ನೆಲಗಳ ನಡುವೆ ಸಿಕ್ಕಿ ಮಡಚಿಕೊಂಡಾಗ, ಬಿರುಕುಗಳಲ್ಲಿ ಬಿಸಿದ್ರವ ಏರಿ, ಬೆಣಚುಕಲ್ಲಿನ ಎಳೆಗಳೊಡನೆ ಚಿನ್ನವನ್ನು ಇಟ್ಟುಹೋಯಿತು. ನಮ್ಮ ಅಜ್ಜಿಯರ ಕೊರಳಿನ ಸರದಲ್ಲಿ ಕೋಲಾರದ ಗುಲಗಂಜಿಯಷ್ಟು ಚಿನ್ನ ಇದ್ದರೂ ಅದು ಬಂದದ್ದು ಹೀಗೆ.

ಈ ಕಡಲತಳಕ್ಕೆ ಜನ ಬಂದದ್ದೂ ಕಡಲ ಮೇಲೆಯೇ. 1802ರಲ್ಲಿ, ಟಿಪ್ಪುವಿನ ನಂತರ ಮೈಸೂರಿನ ಗಡಿ ಗುರುತಿಸುತ್ತಿದ್ದ ಜಾನ್ ವಾರನ್ ಎಂಬ ಅಧಿಕಾರಿ, ಇಲ್ಲಿನ ಹಳ್ಳಿಗರು ಮಣ್ಣು ತೊಳೆದು ಚಿನ್ನ ತೆಗೆಯುವುದನ್ನು ಕಂಡು ಬರೆದಿಟ್ಟ. ಆ ಬರಹ ಓದಿದ ಐರಿಷ್ ಸೈನಿಕ ಮೈಕಲ್ ಲ್ಯಾವೆಲ್ಲೆ, ನ್ಯೂಜಿಲೆಂಡಿನ ಯುದ್ಧ ಮುಗಿಸಿ ಬೆಂಗಳೂರಿನಲ್ಲಿ ನೆಲೆಸಿದ್ದವನು, 1871ರಲ್ಲಿ ಎತ್ತಿನ ಗಾಡಿ ಕಟ್ಟಿಸಿಕೊಂಡು ಕೋಲಾರಕ್ಕೆ ಬಂದ. 1875ರಲ್ಲಿ ಗಣಿ ಪರವಾನಗಿ ಸಿಕ್ಕಿತು. ಬೆಂಗಳೂರಿನ ಲ್ಯಾವೆಲ್ಲೆ ರಸ್ತೆ ಇವನ ಹೆಸರಿನದೇ. ಲಾಭ ಕಂಡವರು ಆಮೇಲಿನವರು. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಾಲಿಟ್ಟ ಮೇಲೆ ಇಂಗ್ಲೆಂಡಿನ ಕಾರ್ನ್‌ವಾಲ್‌ನ ತವರ, ತಾಮ್ರದ ಗಣಿಗಳಲ್ಲಿ ಪಳಗಿದವರು ಹಡಗು ಹತ್ತಿ, ಸೂಯೆಜ್ ದಾಟಿ, ವಾರಗಟ್ಟಲೆ ನೀರಿನ ಮೇಲಿದ್ದು ಇಲ್ಲಿಗೆ ಬಂದರು. ಇನ್ನೊಂದು ಸಂಗತಿ ನನ್ನನ್ನು ಬಿಡದೆ ಕಾಡುತ್ತದೆ. ಕಾರ್ನ್‌ವಾಲ್‌ನ ಕಡಲಂಚಿನ ಪೆಂಟೈರ್ ಪಾಯಿಂಟ್‌ನಲ್ಲೂ ದಿಂಬು ಲಾವಾ ಇದೆ, ಕೋಲಾರದ್ದಕ್ಕಿಂತ ಎಷ್ಟೋ ಎಳೆಯದು. ಒಂದು ಕಡಲತಳದ ನೆರೆಯವರು ಇನ್ನೊಂದು ಕಡಲತಳವನ್ನು ಅಗೆಯಲು ಭೂಗೋಳದ ಕಾಲುಭಾಗ ಸುತ್ತಿ ಬಂದಿದ್ದರು.

ಆದರೆ ಆಳದಲ್ಲಿ ಕೆಲಸ ಮಾಡಿದ್ದು ಹೆಚ್ಚಾಗಿ ಉತ್ತರ ಆರ್ಕಾಟು, ಸೇಲಂ, ಧರ್ಮಪುರಿ, ಚಿತ್ತೂರಿನ ಕಡೆಯಿಂದ ಬಂದ ಬಡ ಕೂಲಿಗಳು. ಅವರ ಮಕ್ಕಳು, ಮೊಮ್ಮಕ್ಕಳು ಈಗಲೂ ಲೈನ್ ಮನೆಗಳಲ್ಲಿದ್ದಾರೆ. ಚಾಂಪಿಯನ್ ರೀಫ್ ಗಣಿ ಸುಮಾರು 3.2 ಕಿಲೋಮೀಟರ್ ಆಳಕ್ಕೆ ಇಳಿಯಿತು. ಲೆಕ್ಕ ಹಾಕಿ ನೋಡಿ: ಊರಿನ ಎತ್ತರವನ್ನು ಕಳೆದರೂ ಅದರ ತಳ ಸಮುದ್ರಮಟ್ಟಕ್ಕಿಂತ ಎರಡು ಕಿಲೋಮೀಟರಿಗೂ ಕೆಳಗೆ. ಅಲ್ಲಿ ಬಂಡೆಯ ಬಿಸಿಯೇ 60 ಡಿಗ್ರಿ ದಾಟುತ್ತಿತ್ತು. ಒತ್ತಡ ತಾಳದೆ ಕಲ್ಲು ಸಿಡಿಯುತ್ತಿತ್ತು. ಸಿಡಿದಾಗ ಮೇಲಿನ ಮನೆಗಳೂ ನಡುಗುತ್ತಿದ್ದವು. 120 ವರ್ಷಗಳಲ್ಲಿ ಇಲ್ಲಿಂದ ಸುಮಾರು 800 ಟನ್ ಚಿನ್ನ ಹೊರಬಂತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು 147 ಕಿಲೋಮೀಟರ್ ತಂತಿಯ ಮೇಲೆ ಓಡಿ ಮೊದಲು ಮುಟ್ಟಿದ್ದು ಇಲ್ಲಿಗೆ, ಬೆಂಗಳೂರಿಗಲ್ಲ. 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದವು, ಪಂಪುಗಳು ನಿಂತವು, ಸುರಂಗಗಳಿಗೆ ನೀರು ತುಂಬಿತು. ಕಡಲಿನಿಂದ ಹುಟ್ಟಿದ ಕಲ್ಲು ಮತ್ತೆ ನೀರಿನೊಳಗಿದೆ.

ಈ ಆಳಕ್ಕೆ ಬಂದ ಇನ್ನೊಬ್ಬ ಯಾತ್ರಿಕನ ಬಗ್ಗೆ ಹೇಳದಿದ್ದರೆ ನನಗೆ ಸಮಾಧಾನವಿಲ್ಲ. 1965ರಲ್ಲಿ, ನೆಲದಿಂದ ಸುಮಾರು 2.3 ಕಿಲೋಮೀಟರ್ ಕೆಳಗೆ, ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಜಪಾನಿನ ಒಸಾಕಾ ಮತ್ತು ಇಂಗ್ಲೆಂಡಿನ ಡರ್ಹಮ್‌ನ ವಿಜ್ಞಾನಿಗಳು ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊಗಳ ಗುರುತನ್ನು ಹಿಡಿದರು. ಅದೇ ವರ್ಷ ದಕ್ಷಿಣ ಆಫ್ರಿಕದ ಚಿನ್ನದ ಗಣಿಯಲ್ಲೂ ಅದು ಸಿಕ್ಕಿತು. ಜಗತ್ತಿನಲ್ಲಿ ಇವೇ ಮೊದಲು. ವಿಶ್ವಕಿರಣಗಳು ಗಾಳಿಗೆ ಬಡಿದಾಗ ಹುಟ್ಟುವ ಈ ಕಣಗಳಿಗೆ ಬಂಡೆಯೂ ಒಂದೇ, ಬಯಲೂ ಒಂದೇ. ಉಳಿದೆಲ್ಲ ಕಣಗಳನ್ನು ತಡೆದು ನಿಲ್ಲಿಸಲು ಮೇಲೆ ಅಷ್ಟು ದಪ್ಪ ಕಲ್ಲು ಬೇಕಿತ್ತು. ಆ ಕಲ್ಲನ್ನು ಕೊಟ್ಟದ್ದು ಈ ಕಡಲತಳ. ಚಾಂಪಿಯನ್ ನಿಲ್ದಾಣದಲ್ಲಿ ನಿಂತಾಗ ಇದನ್ನು ನೆನೆದರೆ ಕಾಲಡಿಯ ನೆಲ ಬೇರೆಯಾಗಿ ಕಾಣುತ್ತದೆ.

ಬಾವಿಗಳ ಹತ್ತಿರ ಹೋಗುವ ವಿಚಾರದಲ್ಲಿ ಕಟ್ಟುನಿಟ್ಟಾಗಿರಿ. ಗಣಿ ಆವರಣಗಳು ಮುಚ್ಚಿದ ಜಾಗಗಳು, ಅನುಮತಿಯಿಲ್ಲದೆ ಬೇಲಿ ದಾಟಬಾರದು. ಹಳೆಯ ಬಾವಿಗಳ ಬಾಯಿ ಎಲ್ಲೆಲ್ಲಿ ಪೊದೆಯಡಿ ಇದೆಯೋ ಹೊರಗಿನವರಿಗೆ ಗೊತ್ತಾಗುವುದಿಲ್ಲ. ‘ಕೆಜಿಎಫ್’ ಸಿನಿಮಾ ಬಂದ ಮೇಲೆ ಸೈನೈಡ್ ದಿಬ್ಬದ ಮೇಲೆ ಫೋಟೊ ತೆಗೆಸಿಕೊಳ್ಳಲು ಬರುವವರು ಹೆಚ್ಚಿದ್ದಾರೆ. ಅದು ಅದಿರನ್ನು ಅರೆದು, ಸೈನೈಡಿನಲ್ಲಿ ತೊಳೆದು ಚೆಲ್ಲಿದ ಪುಡಿ. ಗಾಳಿ ಬೀಸುವ ದಿನ ಅದೇ ಪುಡಿ ಊರವರ ಮನೆಯೊಳಗೆ, ಎದೆಯೊಳಗೆ ಹೋಗುತ್ತದೆ. ಹತ್ತಬೇಡಿ. ಹತ್ತಿದರೆ ಸವೆದ ಮೈಯಿಂದ ಇನ್ನಷ್ಟು ದೂಳು ಎದ್ದು ಅವರಿಗೇ ತಗಲುತ್ತದೆ. ದೂರದಿಂದ ನೋಡಿದರೂ ಅದರ ದೊಡ್ಡತನ ಅರ್ಥವಾಗುತ್ತದೆ.

ಅದರ ಬದಲು ಆ ಹೊತ್ತನ್ನು ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆಯ ಯಾವುದಾದರೂ ಚಹದಂಗಡಿಯಲ್ಲಿ ಕಳೆಯಿರಿ. ಗಣಿಯಲ್ಲಿ ದುಡಿದ ಹಿರಿಯರು ಅಲ್ಲಿ ಸಿಗುತ್ತಾರೆ. ತಮಿಳು, ತೆಲುಗು, ಕನ್ನಡ, ಇಂಗ್ಲಿಷ್ ನಾಲ್ಕೂ ಒಂದೇ ಮಾತಿನಲ್ಲಿ ಬೆರೆಯುತ್ತವೆ. ಚಿನ್ನದ ಬಗ್ಗೆ ಕೇಳಬೇಡಿ, ಅದನ್ನು ಎಲ್ಲರೂ ಕೇಳುತ್ತಾರೆ. ಗಣಿಯ ಲಿಫ್ಟ್ ಆದ ಕೇಜ್ ಇಳಿಯುವಾಗ ಕಿವಿ ಹೇಗೆ ಕಟ್ಟುತ್ತಿತ್ತು, ಕೆಳಗೆ ಊಟ ಎಲ್ಲಿ ಬಿಚ್ಚುತ್ತಿದ್ದಿರಿ, ಕಲ್ಲು ಸಿಡಿಯುವ ಮೊದಲು ಏನು ಕೇಳಿಸುತ್ತಿತ್ತು ಎಂದು ಕೇಳಿ. ಮಾರಿಕುಪ್ಪಂವರೆಗೆ ಬಂದು ಇದನ್ನು ಕೇಳದೆ ಹೋದವರು ದಡ ನೋಡಿ ಹಿಂತಿರುಗಿದವರು. ಗಣಿ ಮುಚ್ಚಿದ ಮೇಲೆ ಕೆಲಸ ಕಳೆದುಕೊಂಡ ಈ ಜನರನ್ನೇ ಮಾರ್ಗದರ್ಶಕರನ್ನಾಗಿ ಮಾಡಿ, ಒಂದು ಸುರಕ್ಷಿತ ಆವರಣದಲ್ಲಿ ಬಂಡೆಯ ಕಥೆಯನ್ನೂ ಅವರ ಕಥೆಯನ್ನೂ ಒಟ್ಟಿಗೆ ಹೇಳಿಸುವ ಕೆಲಸ ಎಂದೋ ಆಗಬೇಕಿತ್ತು. ಕೇಳಲು ಜನ ತಾವಾಗಿಯೇ ಬರುತ್ತಿದ್ದಾರೆ, ಹೇಳುವ ಹಿರಿಯರೂ ಇನ್ನೂ ಇದ್ದಾರೆ. ತಡವಾದಷ್ಟೂ ಅವರ ಸಂಖ್ಯೆ ಕರಗುತ್ತದೆ.

ಸಮಯ ಉಳಿದರೆ ಬೇತಮಂಗಲದ ಕೆರೆಗೆ ಹೋಗಿ. ಗಣಿ ಊರಿಗೆ ಕುಡಿಯುವ ನೀರು ಕೊಟ್ಟದ್ದು ಇದು. ಪಾಲಾರ್ ನದಿಯ ಹಾದಿಯಲ್ಲಿರುವ ಕೆರೆ. ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟುವ ಪಾಲಾರ್ ಆಂಧ್ರ, ತಮಿಳುನಾಡು ದಾಟಿ ಕಲ್ಪಾಕ್ಕಂ ಬಳಿ ಬಂಗಾಳಕೊಲ್ಲಿ ಸೇರುತ್ತದೆ. ಕೋಲಾರದ ಬಂಡೆಯಿಂದ ಸವೆದ ಮಣ್ಣಿನ ಕಣಗಳು ಒಳ್ಳೆಯ ಮಳೆಯ ವರ್ಷಗಳಲ್ಲಿ ಇದೇ ದಾರಿ ಹಿಡಿದು ಈಗಿನ ಕಡಲತಳಕ್ಕೆ ಇಳಿಯುತ್ತವೆ.

ಹಿಂತಿರುಗುವಾಗ ಬಂಗಾರಪೇಟೆಯಲ್ಲಿ ಗಾಡಿ ಬದಲಿಸುವ ನಡುವೆ ಒಂದು ಗಂಟೆಯಾದರೂ ಇಟ್ಟುಕೊಳ್ಳಿ. ಇಲ್ಲಿನ ಪಾನಿಪುರಿಯ ನೀರಿಗೆ ಹಸಿರು ಬಣ್ಣವಿಲ್ಲ. ತಿಳಿನೀರಿನಂತೆ ಕಾಣುತ್ತದೆ, ಬಾಯಿಗಿಟ್ಟರೆ ಖಾರ ನೆತ್ತಿಗೇರುತ್ತದೆ. ಈ ಚಾಟ್ ಈಗ ಬೆಂಗಳೂರಿನ ಬೀದಿಬೀದಿಗಳಲ್ಲಿ ಬಂಗಾರಪೇಟೆಯ ಹೆಸರಿನಲ್ಲೇ ಮಾರಾಟವಾಗುತ್ತದೆ. ಅದರ ತವರಿನಲ್ಲಿ, ಸಂಜೆ ಅಂಗಡಿ ತೆರೆದ ಹೊಸದರಲ್ಲಿ, ನಿಂತುಕೊಂಡೇ ತಿನ್ನಿ. ಆ ಹೊತ್ತಿಗೆ ಬೆಂಗಳೂರಿನಿಂದ ಬರುವ ಗಾಡಿಗಳು ತುಂಬಿರುತ್ತವೆ, ಬೆಂಗಳೂರಿಗೆ ಹೋಗುವವು ಖಾಲಿ. ಕಿಟಕಿ ಮತ್ತೆ ನಿಮಗೇ ಸಿಗುತ್ತದೆ.