ರಾಯಲ್ಪಾಡಿನ ಪ್ರೌಢಶಾಲೆಯ ಹಾದಿಯಲ್ಲಿ

ಶ್ರೀನಿವಾಸಪುರವನ್ನು ದಾಟಿ ಆಂಧ್ರದ ಗಡಿಯತ್ತ ಸಾಗಿದರೆ ದಾರಿಯ ಇಕ್ಕೆಲಗಳಲ್ಲಿಯೂ ಮಾವಿನ ತೋಪುಗಳು. ಜೀವನದಿಯೊಂದೂ ಇಲ್ಲದ ಕೋಲಾರ ಸೀಮೆಯಲ್ಲಿ ಈ ಹಸುರು ಕಣ್ಣಿಗೆ ತಂಪೆರೆಯುತ್ತದೆ. ಹೋಬಳಿ ಕೇಂದ್ರವಾದ ರಾಯಲ್ಪಾಡಿನಲ್ಲಿ ಬಸ್ಸಿಳಿದವರ ಕಿವಿಗೆ ಮೊದಲು ಬೀಳುವುದು ತೆಲುಗು. ಅಂಗಡಿಯ ಹಲಗೆಗಳು ಕನ್ನಡದಲ್ಲಿ, ಅಂಗಡಿಯೊಳಗಿನ ಚೌಕಾಸಿ ತೆಲುಗಿನಲ್ಲಿ!

ಇಂತಹ ಊರಿನ ಸರ್ಕಾರಿ ಪ್ರೌಢಶಾಲೆಯ ಹೊಣೆ ಸಾಮಾನ್ಯವಾದುದಲ್ಲ. ತಾಯಿಯ ತೊಡೆಯ ಮೇಲೆ ತೆಲುಗನ್ನು ಕಲಿತ ಮಗು ಇಲ್ಲಿ ಗಣಿತವನ್ನೂ ವಿಜ್ಞಾನವನ್ನೂ ಕನ್ನಡದಲ್ಲಿ ಓದಬೇಕು. ಹತ್ತನೆಯ ತರಗತಿಯಲ್ಲಿ ಪ್ರಥಮ ಭಾಷೆಯ ಪತ್ರಿಕೆಯನ್ನೂ ಬರೆಯಬೇಕು. ಮೈಸೂರಿನ ಮಗುವಿಗೆ ಮನೆಮಾತೇ ಆಸರೆಯಾಗುವ ಆ ಪತ್ರಿಕೆಯನ್ನು ಗಡಿಯ ಮಗು ಕಲಿತ ಭಾಷೆಯಲ್ಲಿಯೇ ಎದುರಿಸುತ್ತದೆ. ಮಗುವಿನ ತೆಲುಗನ್ನು ಹಂಗಿಸದೆ, ಅದನ್ನೇ ಮೆಟ್ಟಿಲು ಮಾಡಿಕೊಂಡು ಕನ್ನಡಕ್ಕೆ ಕರೆತರುವ ಉಪಾಧ್ಯಾಯರು ದೊರೆತರೆ ಅದು ಊರಿನ ಪುಣ್ಯ. ಇದೇ ಜಿಲ್ಲೆಯ ಮಾಲೂರು ತಾಲ್ಲೂಕಿನ ಮಾಸ್ತಿಯವರ ಮನೆಮಾತು ತಮಿಳು. 1983ರ ಜ್ಞಾನಪೀಠ ಪ್ರಶಸ್ತಿಯನ್ನು ಅವರು ತಂದದ್ದು ಕನ್ನಡಕ್ಕೆ.

ಗಡಿಯಿಂದ ನಮಗೆ ಬಂದುದೂ ಉಂಟು. ಆಚೆಗಿರುವ ಮದನಪಲ್ಲಿಯು ಜಿಡ್ಡು ಕೃಷ್ಣಮೂರ್ತಿಯವರ ಜನ್ಮಸ್ಥಳ. ಅದರ ಸಮೀಪದ ಋಷಿವ್ಯಾಲಿಯಲ್ಲಿ ಅವರ ಪ್ರೇರಣೆಯಿಂದ ಬೆಳೆದ ವಿದ್ಯಾಸಂಸ್ಥೆಯವರು ಸುತ್ತಲಿನ ಹಳ್ಳಿಮಕ್ಕಳಿಗಾಗಿ, ಹಲವು ತರಗತಿಯವರು ಒಂದೇ ಕೊಠಡಿಯಲ್ಲಿ ಕಾರ್ಡುಗಳ ನೆರವಿನಿಂದ ತಮ್ಮ ತಮ್ಮ ವೇಗದಲ್ಲಿ ಕಲಿಯುವ ಕ್ರಮವೊಂದನ್ನು ರೂಪಿಸಿದರು. ಹೆಗ್ಗಡದೇವನಕೋಟೆಯ ಉಪಾಧ್ಯಾಯರು ಅದನ್ನು ಕಂಡು ಬಂದ ಮೇಲೆ, 1995ರಲ್ಲಿ ಆ ತಾಲ್ಲೂಕಿನಲ್ಲಿ ‘ನಲಿಕಲಿ’ ಮೊಳೆಯಿತು. ಮುಂದೆ ನಾಡಿನ ಸರ್ಕಾರಿ ಪ್ರಾಥಮಿಕ ಶಾಲೆಗಳಿಗೆಲ್ಲ ಹಬ್ಬಿತು. ಮಗ್ಗುಲಲ್ಲಿದ್ದ ಬೆಳಕು ರಾಯಲ್ಪಾಡನ್ನು ಮೈಸೂರಿನ ಕಾಡಂಚನ್ನು ಸುತ್ತಿ ಬಂದು ಮುಟ್ಟಿದ ಬಗೆ ಸೋಜಿಗವೇ ಸರಿ. ಹಾಗೆ ಕಲಿತ ಮಕ್ಕಳೇ ಪ್ರೌಢಶಾಲೆಗೆ ಬರುತ್ತಾರೆ.

ಮಠದ ಪಾಠಶಾಲೆಯಲ್ಲಿ ಉಂಡು ಓದಿದ ನನ್ನಂಥವನಿಗೆ ‘ಅಕ್ಷರ ದಾಸೋಹ’ವೆಂಬ ಹೆಸರು ಕಿವಿಗೆ ಇಂಪು. 2002ರಲ್ಲಿ ಈಶಾನ್ಯ ಜಿಲ್ಲೆಗಳಲ್ಲಿ ತೊಡಗಿದ ಬಿಸಿಯೂಟ 2007ರಲ್ಲಿ ಎಂಟರಿಂದ ಹತ್ತನೆಯ ತರಗತಿಯವರೆಗೂ ವಿಸ್ತರಿಸಿತು. 2013ರಿಂದ ಹಾಲೂ ಸೇರಿತು. ಶರಣರು ಕೊಟ್ಟ ಪದವೊಂದು ಸರ್ಕಾರದ ಕಡತವನ್ನು ಹೊಕ್ಕು, ಅಲ್ಲಿಂದ ಎಲ್ಲ ಜಾತಿಯ ಮಕ್ಕಳು ಒಂದೇ ಸಾಲಿನಲ್ಲಿ ಕುಳಿತುಣ್ಣುವ ಪಂಕ್ತಿಯಾದುದು ಸಣ್ಣ ಸಂಗತಿಯೇ?

ಆದರೆ ಅನ್ನವಿದ್ದರೂ ದಾರಿ ದೂರ. ದೂರದ ಹಳ್ಳಿಗಳ ಹೆಣ್ಣುಮಕ್ಕಳಿಗೆ 2006ರಿಂದ ದೊರೆಯುತ್ತಿದ್ದ ಸೈಕಲ್ ದೊಡ್ಡ ಆಸರೆಯಾಗಿತ್ತು; ಕೊರೋನಾ ವರ್ಷಗಳಲ್ಲಿ ಆ ವಿತರಣೆ ನಿಂತಿತು. ಬಸ್ಸು ತಪ್ಪಿದ ದಿನ ಗಂಡುಹುಡುಗ ಯಾರದೋ ಬೈಕಿನ ಹಿಂದೆ ಹತ್ತಿ ಬಂದಾನು. ಹುಡುಗಿಗೆ ಮನೆಯವರು ‘ಇವತ್ತು ಬೇಡಮ್ಮ’ ಎನ್ನುತ್ತಾರೆ. ಅಂತಹ ದಿನಗಳು ಹತ್ತು ಕೂಡಿದರೆ ಓದೇ ಬೇಡವೆಂಬ ಮಾತು ಹುಟ್ಟುತ್ತದೆ, ಅದರ ಬೆನ್ನಿಗೇ ಮದುವೆಯ ಮಾತು.

ಮಾವಿನ ಕೊಯ್ಲಿನ ಭರಾಟೆ ಮೇ ತಿಂಗಳಿಂದ ಜುಲೈವರೆಗೆ. ಶಾಲೆ ಬಾಗಿಲು ತೆರೆಯುವುದೂ ಆ ದಿನಗಳಲ್ಲಿಯೇ. ಕೂಲಿಯ ಮನೆಗಳಿಗೆ ವರ್ಷದ ಗಳಿಕೆ ಕೂಡುವ ಕಾಲವದು. ದೊಡ್ಡವರೊಡನೆ ಮಕ್ಕಳನ್ನೂ ತೋಪು ಕರೆಯುತ್ತದೆ. ಆದುದರಿಂದ ಜೂನ್ ತಿಂಗಳಿನಲ್ಲಿ ಗುರುಗಳ ಮೊದಲ ಪಾಠ ಹಾಜರಿ ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು ಮರದ ನೆರಳಿನಲ್ಲಿ, ತಂದೆತಾಯಿಗಳೆದುರು, ತೆಲುಗಿನಲ್ಲಿಯೇ ಆರಂಭವಾಗಬೇಕಾಗುತ್ತದೆ.